ಶೇಷ ಹನ್ನೊಂದು

ಪಾಲಿಟೆಕ್ನಿಕ್ ಮೇಷ್ಟರು ವಿಭಾಗದ ಮುಖ್ಯಸ್ಥರ ಕುರ್ಚಿಯಲ್ಲಿ ಕೂರಬೇಕಾದರೆ ಎಂ.ಟೆಕ್. ಆಗಿರಬೇಕು. ಬರೀ ಬಿ.ಇ. ಇಟ್ಟುಕೊಂಡು ಇಷ್ಟು ವರ್ಷ ಹುಡುಗರಿಗೆ ಓಮನ ನಿಯಮ ಹೇಳಿ ನೆಮ್ಮದಿಯಾಗಿದ್ದ ನಾನು, ಕಿವಿಯ ಪಕ್ಕದ ಕೂದಲು ನೆರೆತ ಮೇಲೆ ಮತ್ತೆ ವಿದ್ಯಾರ್ಥಿಯಾದದ್ದು ಹೀಗೆ. ಜ್ಞಾನದಾಹ ಅಂತ ಊರಿಗೆಲ್ಲ ಹೇಳಿಕೊಂಡೆ. ನಿಜವಾದ ದಾಹ ಆ ಕುರ್ಚಿಯದ್ದು. ಅದಕ್ಕೆ ಗಾಲಿ ಇದೆ, ಕೈ ಇದೆ, ಬೆನ್ನಿಗೆ ಟವೆಲ್ ಹಾಸಿಕೊಳ್ಳುವ ಅಧಿಕಾರ ಇದೆ. ಐಚ್ಛಿಕ ವಿಷಯ ಆರಿಸುವ ಹೊತ್ತು ಬಂದಾಗ ಎರಡು ಆಯ್ಕೆ ಕೊಟ್ಟರು. ಒಂದರಲ್ಲಿ ಪ್ರೋಗ್ರಾಂ ಬರೆದು ತೋರಿಸಬೇಕಿತ್ತು. ಹಾಗಾಗಿ ಇನ್ನೊಂದನ್ನು, ಅಂದರೆ ಕ್ರಿಪ್ಟೋಗ್ರಫಿಯನ್ನು ಆರಿಸಿದೆ. ಗುಟ್ಟಿನ ಶಾಸ್ತ್ರವಲ್ಲವೇ, ಗುಟ್ಟಾಗಿ ಓದಿ ಗುಟ್ಟಾಗಿ ಪಾಸಾಗಿಬಿಡಬಹುದು ಎಂಬ ಲೆಕ್ಕಾಚಾರ.

"ಫೇಲಾದರೆ ನಗೆಪಾಟಲು. ಪಾಸಾಗುವ ತನಕ ಯಾರಿಗೂ ಹೇಳೋದು ಬೇಡ" ಅಂತ ರಾತ್ರಿ ಊಟಕ್ಕೆ ಕೂತಾಗ ಹೆಂಡತಿಗೆ ಹೇಳಿದೆ. ಬೆಳಿಗ್ಗೆ ಹಾಲಿನವನು ಪ್ಯಾಕೆಟ್ ಕೈಗಿಡುತ್ತ, "ಏನ್ ಸಾರ್, ಮತ್ತೆ ಕಾಲೇಜಿಗೆ ಹೊಂಟ್ರಂತೆ?" ಎಂದ. ವಿಚಾರಣೆ ನಡೆಸಿದಾಗ ತಿಳಿದದ್ದಿಷ್ಟು: ನನ್ನಾಕೆ ಯಾರಿಗೂ ಹೇಳಿಲ್ಲ, ತಂಗಿಗೆ ಮಾತ್ರ ಹೇಳಿದ್ದಾಳೆ. ತಂಗಿ ಯಾರಿಗೂ ಹೇಳಿಲ್ಲ, ತನ್ನ ಅತ್ತೆಗೆ ಮಾತ್ರ ಹೇಳಿದ್ದಾಳೆ. ಅತ್ತೆಗಂತೂ ಹೇಳುವ ಚಾಳಿಯೇ ಇಲ್ಲ, ಫೋನಿನಲ್ಲಿ ಮಾತಾಡುವಾಗ ಪಕ್ಕದಲ್ಲಿ ಯಾರಿದ್ದಾರೆ ಅಂತ ನೋಡುವ ಚಾಳಿಯೂ ಇಲ್ಲ. ಹೀಗೆ ಯಾರೂ ಯಾರಿಗೂ ಹೇಳದೆ ಸುದ್ದಿ ಬೀದಿ ಮುಟ್ಟಿತ್ತು.

ಪಠ್ಯಪುಸ್ತಕದಲ್ಲಿ ಕ್ಲಿಫರ್ಡ್ ಕಾಕ್ಸ್ ಎಂಬ ಇಂಗ್ಲಿಷ್ ಗಣಿತಜ್ಞನ ಕಥೆ ಓದಿದಾಗ ನನಗೆ ಹೊಟ್ಟೆ ಉರಿದದ್ದು ಇದೇ ಕಾರಣಕ್ಕೆ. ಬ್ರಿಟನ್ನಿನ ಗೂಢಚರ್ಯೆ ಸಂಸ್ಥೆಗೆ ಹೊಸದಾಗಿ ಸೇರಿದ್ದ ಈತ 1973ರಲ್ಲಿ, ಇವತ್ತು ಜಗತ್ತಿನ ಬ್ಯಾಂಕುಗಳೆಲ್ಲ ನೆಚ್ಚಿಕೊಂಡಿರುವ ಉಪಾಯವೊಂದನ್ನು ಕಂಡುಕೊಂಡ. ಆಫೀಸಿನ ಕೆಲಸವನ್ನು ಮನೆಯಲ್ಲಿ ಕಾಗದದ ಮೇಲೆ ಬರೆಯುವಂತಿಲ್ಲ ಎಂಬ ಕಟ್ಟಳೆ ಇದ್ದದ್ದರಿಂದ ತಲೆಯಲ್ಲೇ ಮಾಡಿ ಮುಗಿಸಿದ. ಸಂಸ್ಥೆ ಅದನ್ನು ಕಡತಕ್ಕೆ ಸೇರಿಸಿ ಬೀಗ ಹಾಕಿತು. ನಾಲ್ಕು ವರ್ಷ ಬಿಟ್ಟು ಅಮೆರಿಕದಲ್ಲಿ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು ಅದನ್ನೇ ಹೊಸದಾಗಿ ಕಂಡುಹಿಡಿದರು. ಮೂವರ ಇನಿಷಿಯಲ್ಲು ಸೇರಿ ಆರ್‌ಎಸ್‌ಎ ಆಯಿತು. ಕಾಕ್ಸ್ ಮಾತ್ರ ಸುಮ್ಮನೆ ಪತ್ರಿಕೆ ಓದಿಕೊಂಡಿದ್ದ. 1997ರಲ್ಲಿ ಸರ್ಕಾರವೇ ಬಾಯಿಬಿಟ್ಟ ಮೇಲೆ ಜಗತ್ತಿಗೆ ಗೊತ್ತಾಯಿತು. 24 ವರ್ಷ! ಅವನಿಗೆ ನಾದಿನಿ ಇರಲಿಲ್ಲವೆಂದು ಕಾಣುತ್ತದೆ.

ನಮ್ಮ ಮನೆಯದು ಎರಡೇ ಕೋಣೆ. ಒಂದರಲ್ಲಿ ಸಂಜೆ ಹೊತ್ತು ನನ್ನಾಕೆ ಬೀದಿಯ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಾಳೆ. ಇನ್ನೊಂದು ನನ್ನ ಅಧ್ಯಯನ ಪೀಠ. ನಡುವೆ ಪರದೆ. ಆ ಕಡೆಯಿಂದ ಸರಳೆ ವರಸೆ, ಈ ಕಡೆಯಿಂದ ಡಿಇಎಸ್ ಕೋಷ್ಟಕ. ಡಿಇಎಸ್ ಎಂದರೆ 1977ರಲ್ಲಿ ಅಮೆರಿಕ ಸರ್ಕಾರ ಮಾನ್ಯ ಮಾಡಿದ ಗೂಢಲಿಪಿ ವಿಧಾನ. 64 ಬಿಟ್ಟುಗಳನ್ನು ಒಂದು ಕಡೆ ಹಾಕಿ, ಕಲಸಿ, ಎರಡು ಪಾಲು ಮಾಡಿ, 16 ಸುತ್ತು ತಿರುಗಿಸಿ ಇನ್ನೊಂದು ಕಡೆಯಿಂದ ತೆಗೆಯುತ್ತಾರೆ. ಯಾವ ಬಿಟ್ಟು ಎಲ್ಲಿಗೆ ಹೋಗಬೇಕು ಎಂಬುದಕ್ಕೆ ಕೋಷ್ಟಕಗಳಿವೆ. ಅವಕ್ಕೆ ತರ್ಕ ಹುಡುಕುತ್ತ ಕೂತರೆ ಪರೀಕ್ಷೆ ಮುಗಿದಿರುತ್ತದೆ, ಉರು ಹೊಡೆಯಬೇಕು. ನಾನು ಶತಪಥ ಹಾಕುತ್ತ "58, 50, 42, 34, 26..." ಎಂದು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದೆ. ಮುಗಿದ ಮೇಲೆ "14, 4, 13, 1...". ಕೆಳಗಿನ ಮನೆಯ ಯಜಮಾನರು ಒಂದು ದಿನ ಮೆಟ್ಟಿಲಲ್ಲಿ ತಡೆದು, ದನಿ ತಗ್ಗಿಸಿ, "ಮೇಷ್ಟ್ರೇ, ಓಸಿ ನಂಬರ್ ಹಚ್ಚೋ ಅಭ್ಯಾಸ ಯಾವಾಗಿಂದ? ಇವತ್ತು ಹದಿಮೂರು ಬರುತ್ತೆ ಅಂತೀರಾ?" ಎಂದು ಕೇಳಿದರು. ಬೈಯುವುದಕ್ಕೆ ಕೇಳಿದರೋ ಹಚ್ಚುವುದಕ್ಕೆ ಕೇಳಿದರೋ ಇವತ್ತಿಗೂ ಸ್ಪಷ್ಟವಿಲ್ಲ.

ಇಷ್ಟು ಉರು ಹೊಡೆದ ಡಿಇಎಸ್ ಬದುಕಿದೆಯೇ ಅಂದರೆ ಅದೂ ಇಲ್ಲ. ಅದರ ಕೀಲಿ 56 ಬಿಟ್ಟಿನದು. 1998ರಲ್ಲಿ ಅಮೆರಿಕದ ಒಂದು ಸಂಸ್ಥೆ ಎರಡೂವರೆ ಲಕ್ಷ ಡಾಲರಿನೊಳಗೆ ಯಂತ್ರ ಕಟ್ಟಿ, ಮೂರು ದಿನ ತುಂಬುವ ಮೊದಲೇ ಕೀಲಿ ಹುಡುಕಿ ತೆಗೆಯಿತು. 2005ರಲ್ಲಿ ಸರ್ಕಾರವೂ ಆ ಮಾನಕವನ್ನು ಹಿಂತೆಗೆದುಕೊಂಡಿತು. ನಮ್ಮ ಸಿಲಬಸ್ಸಿಗೆ ಮಾತ್ರ ಸಾವಿನ ಸುದ್ದಿ ಇನ್ನೂ ಮುಟ್ಟಿಲ್ಲ. ಅದರ ಜಾಗಕ್ಕೆ ಬಂದ ಎಇಎಸ್ ಬೆಲ್ಜಿಯಂನ ಇಬ್ಬರು, ಯೋನ್ ಡಾಮನ್ ಮತ್ತು ವಿನ್ಸೆಂಟ್ ರೈಮನ್, ಕಟ್ಟಿದ್ದು. ಅದು 2001ರಿಂದ ಆಡಳಿತ ನಡೆಸುತ್ತಿದೆ. ಪ್ರಶ್ನೆಪತ್ರಿಕೆಯಲ್ಲಿ ಅಪ್ಪನಿಗೆ ಹತ್ತು ಅಂಕ, ಮಗನಿಗೆ ಐದು. ಹಿರಿಯರಿಗೆ ಗೌರವ ಕೊಡುವುದರಲ್ಲಿ ವಿಶ್ವವಿದ್ಯಾಲಯಗಳನ್ನು ಮೀರಿಸುವವರಿಲ್ಲ.

ಮೊದಲ ಮಾಡ್ಯೂಲಿನಲ್ಲಿ ಹಳೆಯ ಗೂಢಲಿಪಿಗಳು. ಜೂಲಿಯಸ್ ಸೀಸರ್ ಪತ್ರ ಬರೆಯುವಾಗ ಪ್ರತಿ ಅಕ್ಷರವನ್ನೂ ಮೂರು ಮನೆ ಮುಂದಕ್ಕೆ ತಳ್ಳುತ್ತಿದ್ದನಂತೆ. ಕಲಿತದ್ದು ಗಟ್ಟಿಯಾಗಬೇಕಾದರೆ ಇನ್ನೊಬ್ಬರಿಗೆ ಹೇಳಿಕೊಡಬೇಕು. ಮನೆಯಲ್ಲಿ ಸಿಕ್ಕುವುದು ಒಬ್ಬಳೇ. ಕನ್ನಡದಲ್ಲೇ ತೋರಿಸೋಣವೆಂದು 'ಜಗಳ' ಎಂಬ ಪದ ತೆಗೆದುಕೊಂಡೆ. ವ್ಯಂಜನಗಳ ಸಾಲಿನಲ್ಲಿ ಜ ಮೂರು ಮನೆ ಸರಿದರೆ ಟ. ಗ ಸರಿದರೆ ಚ. ಳ ಕೊನೆಯಲ್ಲಿರುವುದರಿಂದ ಮತ್ತೆ ಮೊದಲಿಗೆ ಬಂದು ಗ. ಅಂದರೆ 'ಟಚಗ'. "ನೋಡು, ಯಾರಿಗಾದರೂ ಗೊತ್ತಾಗುತ್ತಾ?" ಎಂದೆ ಹೆಮ್ಮೆಯಿಂದ. ಆಕೆ ಹುಣಸೆಹಣ್ಣು ಬಿಡಿಸುತ್ತಿದ್ದವಳು ತಲೆ ಎತ್ತದೆ, "ಕನೀಕವು ಕಸುಕಮ್ಮಕನೆ ಕಓಕದಿ" ಎಂದಳು. ಕ-ಭಾಷೆ! ಹೈಸ್ಕೂಲಿನ ಕಾಲದಲ್ಲಿ ಕಲಿತದ್ದಂತೆ. ಅಕ್ಕತಂಗಿಯರು ಅಪ್ಪನ ಎದುರೇ ಸಿನಿಮಾಕ್ಕೆ ಹೋಗುವ ಯೋಜನೆ ಹಾಕುತ್ತಿದ್ದರಂತೆ. ಆ ವೇಗಕ್ಕೆ ಸೀಸರನ ಸೈನ್ಯ ಬಂದರೂ ನಿಲ್ಲಲಾರದು.

ಪ್ಲೇಫೇರ್ ಎಂಬುದು ಇನ್ನೊಂದು. ಇದನ್ನು 1854ರಲ್ಲಿ ಕಂಡುಹಿಡಿದವನು ಚಾರ್ಲ್ಸ್ ವೀಟ್‌ಸ್ಟೋನ್, ನಮ್ಮ ಪ್ರಯೋಗಾಲಯದಲ್ಲಿ ರೋಧ ಅಳೆಯುವ ಬ್ರಿಡ್ಜ್ ಇದೆಯಲ್ಲ, ಅದೇ ಪುಣ್ಯಾತ್ಮ. ಆದರೆ ಲಾರ್ಡ್ ಪ್ಲೇಫೇರ್ ಎಂಬ ದೊಡ್ಡ ಮನುಷ್ಯ ಅದನ್ನು ನಾಲ್ಕು ಕಡೆ ಹೊಗಳಿದ, ಹೆಸರು ಅವನದೇ ನಿಂತಿತು. ಇಲಾಖೆಯಲ್ಲಿ ಕೆಲಸ ಮಾಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅದಕ್ಕೆ ಐದು ಸಾಲು, ಐದು ಕಂಬದ ಚೌಕ ಬೇಕು. ಇಂಗ್ಲಿಷಿಗೆ 26 ಅಕ್ಷರ, ಒಂದು ಹೆಚ್ಚಾಯಿತು. ಐ ಮತ್ತು ಜೆ ಎರಡನ್ನೂ ಒಂದೇ ಮನೆಯಲ್ಲಿ ಕೂಡಿಹಾಕುತ್ತಾರೆ. ನಮ್ಮ ವರ್ಗೀಯ ವ್ಯಂಜನಗಳಾದರೋ ಕ ದಿಂದ ಮ ವರೆಗೆ ಸರಿಯಾಗಿ ಐದೈದಲಿ ಇಪ್ಪತ್ತೈದು, ಹುಟ್ಟುತ್ತಲೇ ಚೌಕ! ಈ ಸಂಶೋಧನೆಯ ಸಂಭ್ರಮದಲ್ಲಿ ಆ ರಾತ್ರಿ ಉಳಿದ ಓದನ್ನೆಲ್ಲ ಬದಿಗಿಟ್ಟು ಕನ್ನಡ ಪ್ಲೇಫೇರ್ ಕಟ್ಟತೊಡಗಿದೆ. ಯರಲವಶಷಸಹಳ ಒಂಬತ್ತೂ ಬೀದಿಯಲ್ಲಿ ನಿಂತಿದ್ದವು, ಸ್ವರ ಮತ್ತು ಒತ್ತಕ್ಷರಗಳ ಗತಿ ಕೇಳುವವರಿಲ್ಲ. 'ಸಾರು' ಎಂಬ ಎರಡಕ್ಷರವನ್ನೂ ಗುಟ್ಟಾಗಿ ಕಳಿಸಲಾಗದ ಗೂಢಲಿಪಿಯಿಂದ ಕನ್ನಡಿಗರಿಗೆ ಏನು ಉಪಯೋಗ? ಕೈಬಿಟ್ಟೆ.

ಪರದೆಯ ಆ ಕಡೆಯಿಂದ ತರಗತಿ ಮುಗಿಸಿ ಬಂದವಳು, "ನಮ್ಮಲ್ಲಿ ಇದಕ್ಕಿಂತ ಚೆನ್ನಾಗಿರೋದು ಇದೆ. ಮಾಯಾಮಾಳವಗೌಳದಲ್ಲಿ ಮ ಅಂದರೆ ಐದು, ಯ ಅಂದರೆ ಒಂದು. ತಿರುಗಿಸಿ ಓದಿದರೆ ಹದಿನೈದು. ಹದಿನೈದನೇ ಮೇಳಕರ್ತ. ಕಟಪಯಾದಿ ಅಂತಾರೆ" ಎಂದಳು. ನಾನು ಹೊಸದಾಗಿ ಓದಿದ ಅಹಂಕಾರದಿಂದ, "ಅದು ಕೋಡು. ಸೈಫರ್ ಅಲ್ಲ. ಕೀಲಿ ಎಲ್ಲಿದೆ?" ಎಂದೆ. "ಕೀಲಿ ಇಲ್ಲದೆಯೂ ನಿಮಗೆ ಇಷ್ಟು ವರ್ಷ ಗೊತ್ತಿರಲಿಲ್ಲವಲ್ಲ" ಎಂದು ಅಡುಗೆಮನೆಗೆ ಹೋದಳು.

ಹಿನ್ನೆಲೆ ಬರೆದರೆ ಒಂದೆರಡು ಅಂಕ ಹೆಚ್ಚು ಬರುತ್ತದೆ ಎಂಬ ದುರಾಸೆಯೇ ನನ್ನನ್ನು ಇನ್ನೊಂದು ಪೇಚಿಗೆ ಸಿಕ್ಕಿಸಿತು. ಗೂಢಲಿಪಿಯಲ್ಲಿ ಬರೆಯುವುದನ್ನು ಮ್ಲೇಚ್ಛಿತ ವಿಕಲ್ಪ ಎಂಬ ಹೆಸರಿನಲ್ಲಿ ಅರವತ್ತನಾಲ್ಕು ಕಲೆಗಳ ಪಟ್ಟಿಗೆ ಸೇರಿಸಿದ್ದಾರೆ. ಪಟ್ಟಿ ಇರುವುದು ವಾತ್ಸ್ಯಾಯನನ ಕಾಮಸೂತ್ರದಲ್ಲಿ. ಕಾಲೇಜಿನ ಗ್ರಂಥಾಲಯದಲ್ಲಿ ಕೇಳುವ ಧೈರ್ಯ ಬರಲಿಲ್ಲ. ಕಂಪ್ಯೂಟರಿನಲ್ಲಿ ಹುಡುಕಿ, ಬೇಕಾದ ಪುಟವನ್ನಷ್ಟೇ ಮುದ್ರಿಸಿ ತಂದು ಡಿಇಎಸ್ ನೋಟ್ಸಿನ ನಡುವೆ ಇಟ್ಟೆ. ಪುಟದ ನೆತ್ತಿಯ ಮೇಲೆ ಗ್ರಂಥದ ಹೆಸರು ದಪ್ಪಕ್ಷರದಲ್ಲಿತ್ತು. ಸಂಗೀತಕ್ಕೆ ಬರುವ ಹುಡುಗಿಯೊಬ್ಬಳ ತಾಯಿ ಕಾಯುತ್ತ ಕೂತಾಗ ಬೇಸರ ಕಳೆಯಲು ನನ್ನ ಫೈಲನ್ನೇ ತಿರುವಿಹಾಕಿದ್ದಾರೆ. ಮರುದಿನದಿಂದ ಅವರು ಬಾಗಿಲಲ್ಲೇ ನಿಂತು ಮಗಳನ್ನು ಕರೆಯುತ್ತಿದ್ದರು. ಅದು ಪರೀಕ್ಷೆಗೆ ಓದುವುದು ಎಂದು ನನ್ನಾಕೆ ಅವರಿಗೆ ವಿವರಿಸಿದಳಂತೆ. ವಿವರಿಸಿದ್ದರಿಂದ ಕೆಟ್ಟದ್ದು ಇನ್ನಷ್ಟು ಕೆಟ್ಟಿತು.

ನನ್ನ ಸಹಪಾಠಿಗಳೆಲ್ಲ ಮಗನ ವಯಸ್ಸಿನವರು. ಇಬ್ಬರಂತೂ ಡಿಪ್ಲೊಮಾದಲ್ಲಿ ನನ್ನಿಂದಲೇ ಪಾಠ ಕೇಳಿದವರು. ಅವರ ವಾಟ್ಸ್ಆ್ಯಪ್ ಗುಂಪಿಗೆ ನನ್ನನ್ನೂ ಸೇರಿಸಿಕೊಂಡು, "ಸಾರ್, ಪುಸ್ತಕ ಎಲ್ಲ ಓದಬೇಡಿ, ಐಎಂಪಿ ಕಳಿಸ್ತೀವಿ" ಎಂದರು. ಐಎಂಪಿ ಎಂದರೆ ಹಿಂದಿನ ಪತ್ರಿಕೆಗಳಿಂದ ಸೋಸಿ ತೆಗೆದ ಪ್ರಶ್ನೆಗಳ ಪಟ್ಟಿ. ಕೆರ್ಕೋಫ್ಸ್ ಎಂಬವನು 1883ರಲ್ಲೇ ಒಂದು ಸೂತ್ರ ಬರೆದಿಟ್ಟಿದ್ದಾನೆ: ಕೀಲಿ ಒಂದನ್ನು ಬಿಟ್ಟು ಉಳಿದದ್ದೆಲ್ಲ ಶತ್ರುವಿಗೆ ಗೊತ್ತಾದರೂ ನಿಮ್ಮ ವ್ಯವಸ್ಥೆ ಅಲುಗಾಡಬಾರದು. ನಮ್ಮ ಪರೀಕ್ಷೆಯಲ್ಲಿ ಕೀಲಿಯೂ ಎಲ್ಲರಿಗೂ ಗೊತ್ತು. ಐದು ಮಾಡ್ಯೂಲು, ಪ್ರತಿಯೊಂದರಲ್ಲೂ ಇದು ಇಲ್ಲವೇ ಅದು ಎಂಬ ಆಯ್ಕೆ, ಕೇಳುವುದು ಹೋದ ವರ್ಷ ಕೇಳಿದ್ದೇ. ಗುಟ್ಟು ಕಾಪಾಡುವ ವಿದ್ಯೆಯ ಪರೀಕ್ಷೆಯಲ್ಲಿ ಗುಟ್ಟು ಎಂಬುದು ಮದ್ದಿಗೂ ಸಿಗದು.

ಡಿಫಿ ಮತ್ತು ಹೆಲ್‌ಮನ್ 1976ರಲ್ಲಿ ತೋರಿಸಿದ ಕೀಲಿ ವಿನಿಮಯ ಮಾತ್ರ ನನಗೆ ಓದಿದ ಕೂಡಲೇ ಹತ್ತಿತು. ಕದ್ದು ಕೇಳುವವರ ಎದುರಿಗೇ ಇಬ್ಬರು ಗಟ್ಟಿಯಾಗಿ ಮಾತಾಡಿಕೊಂಡು, ಕೊನೆಗೆ ಅವರಿಬ್ಬರಿಗೆ ಮಾತ್ರ ಗೊತ್ತಿರುವ ಒಂದು ಸಂಖ್ಯೆಗೆ ಬಂದು ಮುಟ್ಟುತ್ತಾರೆ. ಹುಡುಗರಿಗೆ ಇದು ಅಸಾಧ್ಯವೆನ್ನಿಸಿತ್ತು. ನೆಂಟರು ತುಂಬಿದ ನಡುಮನೆಯಲ್ಲಿ ನನ್ನ ಹೆಂಡತಿ ಮತ್ತು ನಾದಿನಿ ಸೀರೆಯ ಸೆರಗಿನ ಬಗ್ಗೆ ಮಾತಾಡುತ್ತಲೇ ಯಾರು ಯಾವಾಗ ಎದ್ದು ಹೋಗಬೇಕೆಂದು ತೀರ್ಮಾನಿಸುವುದನ್ನು ನೋಡಿದ ನನಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ.

ಇನ್ನು ಆರ್‌ಎಸ್‌ಎ. ರಿವೆಸ್ಟ್‌ಗೆ ಇದು ಹೊಳೆದದ್ದು 1977ರ ಏಪ್ರಿಲಿನಲ್ಲಿ, ಹಬ್ಬದೂಟಕ್ಕೆ ಹೋಗಿ ದ್ರಾಕ್ಷಾರಸ ಕುಡಿದು ಬಂದ ರಾತ್ರಿ. ನಿದ್ದೆ ಬರದೆ ಗಣಿತದ ಪುಸ್ತಕ ಹಿಡಿದು ಸೋಫಾದ ಮೇಲೆ ಒರಗಿದ್ದನಂತೆ. ನಾನೂ ಸೋಫಾದ ಮೇಲೆ ಗಣಿತದ ಪುಸ್ತಕ ಹಿಡಿದು ಒರಗಿ ನೋಡಿದೆ. ನಿದ್ದೆ ಚೆನ್ನಾಗಿ ಬಂತು.

ನಮ್ಮ ಪಠ್ಯವಾದ ಸ್ಟಾಲಿಂಗ್ಸ್ ಪುಸ್ತಕದಲ್ಲಿ ಇದಕ್ಕೊಂದು ಉದಾಹರಣೆ ಇದೆ. ಈ ವಿಷಯ ಓದಿದವರೆಲ್ಲ ಅದನ್ನು ದಾಟಿಯೇ ಬಂದಿರುತ್ತಾರೆ. 17 ಮತ್ತು 11 ಎಂಬ ಎರಡು ಅವಿಭಾಜ್ಯ ಸಂಖ್ಯೆ, ಗುಣಿಸಿದರೆ 187. ಕಳಿಸಬೇಕಾದ ಸಂದೇಶ 88. ಅದನ್ನು ಏಳನೇ ಘಾತಕ್ಕೆ ಏರಿಸಿ 187ರಿಂದ ಭಾಗಿಸಿ ಶೇಷ ತೆಗೆಯಬೇಕು. ಕ್ಯಾಲ್ಕುಲೇಟರಿನಲ್ಲಿ ಒತ್ತಿದರೆ 4.086755964, ಪಕ್ಕದಲ್ಲಿ ಹತ್ತರ ಹದಿಮೂರನೇ ಘಾತ ಅಂತ ತೋರಿಸಿ ಕೈತೊಳೆದುಕೊಳ್ಳುತ್ತದೆ. ನಿಜವಾದ ಸಂಖ್ಯೆ 40867559636992. ನಮಗೆ ಬೇಕಾದ ಶೇಷ ಇರುವುದು ಬಾಲದಲ್ಲಿ, ಯಂತ್ರ ಕತ್ತರಿಸಿ ಎಸೆದದ್ದು ಬಾಲವನ್ನೇ. ಆದ್ದರಿಂದ ಹಂತ ಹಂತವಾಗಿ ಇಳಿಯಬೇಕು. 88ರ ವರ್ಗ 7744, ಅದರಲ್ಲಿ 187ನ್ನು ನಲವತ್ತೊಂದು ಸಲ ಕಳೆದರೆ 77. 77ರ ವರ್ಗ 5929, ಶೇಷ 132. ಈಗ 88, 77, 132 ಮೂರನ್ನೂ ಗುಣಿಸುತ್ತ, ಗುಣಿಸಿದಾಗಲೆಲ್ಲ ಹೆಚ್ಚಾದದ್ದನ್ನು ಕಳೆಯುತ್ತ ಬಂದರೆ ಕೊನೆಗೆ ಉಳಿಯುವುದು 11. ಹದಿನಾಲ್ಕು ಅಂಕಿಯ ಆ ಭೂತ ನಾಲ್ಕು ಗೆರೆಯಲ್ಲಿ ಹನ್ನೊಂದಾಗಿ ಕೈಮುಗಿದು ನಿಂತದ್ದು ನೋಡಿ ನನಗೆ ನಿಜವಾಗಿಯೂ ರೋಮಾಂಚನವಾಯಿತು. ಕುರ್ಚಿ, ಟವೆಲ್ಲು ಎಲ್ಲ ಮರೆತುಹೋಯಿತು. ಇಷ್ಟು ವಯಸ್ಸಾದ ಮೇಲೆ ಭಾಗಾಕಾರ ಮಾಡಿ ರೋಮಾಂಚನಗೊಂಡೆ ಎಂದರೆ ಹೇಳಿಕೊಳ್ಳುವುದು ಯಾರ ಹತ್ತಿರ?

ಬೀಗ ತೆಗೆಯುವ ಸಂಖ್ಯೆ ಹುಡುಕುವುದು ಇನ್ನೂ ಸೊಗಸು. 17 ಮತ್ತು 11ರಿಂದ ಒಂದೊಂದು ಕಳೆದು ಗುಣಿಸಿದರೆ 160. 7ರಿಂದ ಗುಣಿಸಿ ಈ 160ರಿಂದ ಭಾಗಿಸಿದರೆ ಶೇಷ 1 ಬರುವ ಸಂಖ್ಯೆ ಬೇಕು. ಪುಸ್ತಕ ಯೂಕ್ಲಿಡನ ಹೆಸರು ಹೇಳುತ್ತದೆ. ಆದರೆ ಇದೇ ಕೆಲಸವನ್ನು ಆರ್ಯಭಟ ಕುಟ್ಟಕ ಎಂದು 499ರಲ್ಲೇ ಹೇಳಿದ್ದಾನೆ. ನಮ್ಮ ನೃಪತುಂಗನ ಕಾಲದಲ್ಲಿ ಗಣಿತಸಾರಸಂಗ್ರಹ ಬರೆದ ಮಹಾವೀರಾಚಾರ್ಯ ಅದಕ್ಕೆ ಬಾಳೆಹಣ್ಣಿನ ಲೆಕ್ಕ ಕೊಟ್ಟಿದ್ದಾನೆ. ಸಮನಾದ 63 ಗುಡ್ಡೆ ಬಾಳೆಹಣ್ಣು, ಮೇಲೆ 7 ಬಿಡಿ ಹಣ್ಣು. 23 ಜನ ದಾರಿಹೋಕರಿಗೆ ಸಮನಾಗಿ ಹಂಚಿದರೆ ಏನೂ ಉಳಿಯಲಿಲ್ಲ. ಗುಡ್ಡೆಗೆ ಎಷ್ಟು? ಮಾಡಿ ನೋಡಿದರೆ ಕನಿಷ್ಠ ಗುಡ್ಡೆಗೆ 5, ತಲೆಗೆ 14. ಹದಿನಾಲ್ಕು ಬಾಳೆಹಣ್ಣು ತಿಂದು ಮತ್ತೆ ನಡೆದುಹೋಗುವ ದಾರಿಹೋಕರು ರಾಷ್ಟ್ರಕೂಟರ ಕಾಲದಲ್ಲಿ ಇದ್ದಿರಲೇಬೇಕು. ಬಾಳೆಹಣ್ಣಿನ ದಾರಿಯಲ್ಲೇ 160ನ್ನು 7ರಿಂದ ಕುಟ್ಟಿದೆ. ಎರಡೇ ಹೆಜ್ಜೆಗೆ 23 ಬಂತು. ಏಳು ಇಪ್ಪತ್ಮೂರಲಿ ನೂರ ಅರವತ್ತೊಂದು. ಪರದೆಯ ಆ ಕಡೆ ಮಕ್ಕಳು ಜಂಟಿ ವರಸೆಗೆ ಬಂದಿದ್ದರು.

ಪರೀಕ್ಷೆಯ ದಿನ ಕೊಠಡಿಗೆ ಕಾಲಿಡುತ್ತಿದ್ದಂತೆ ಹುಡುಗರೆಲ್ಲ ಎದ್ದು ನಿಂತರು. ಹಿಂದಿನ ಬೆಂಚಿನಲ್ಲಿ ಸರಸರ ಸದ್ದಾಯಿತು, ಒಂದು ಚೀಟಿ ಕಿಟಕಿಯಾಚೆ ಹಾರಿದ್ದನ್ನು ನಾನೇ ಕಂಡೆ. ಕೋಟು, ಕನ್ನಡಕ, ಕೈಯಲ್ಲಿ ಫೈಲು ನೋಡಿ ಸ್ಕ್ವಾಡ್ ಬಂತೆಂದುಕೊಂಡಿದ್ದರು. ನಾನು ಹೋಗಿ ನನ್ನ ನೋಂದಣಿ ಸಂಖ್ಯೆ ಹುಡುಕಿಕೊಂಡು ಕೂತ ಮೇಲೆ ಚೀಟಿ ಎಸೆದ ಹುಡುಗ ನನ್ನನ್ನು ನೋಡಿದ ನೋಟ ಬಹಳ ಕಾಲ ನೆನಪಿರುತ್ತದೆ. ಮೇಲ್ವಿಚಾರಕನಾಗಿ ಬಂದವನೂ ನನ್ನ ಹಳೆಯ ಶಿಷ್ಯನೇ. ಉತ್ತರಪತ್ರಿಕೆಗೆ ಸಹಿ ಹಾಕುವಾಗ ನನ್ನ ಮುಂದೆ ಚಪ್ಪಲಿ ಸದ್ದಾಗದಂತೆ ನಿಂತು, "ಸಾರ್, ನೀರು ತರಿಸ್ಲಾ?" ಎಂದ. ಈ ಗೌರವಕ್ಕೆ ಅಕ್ಕಪಕ್ಕದವರು ನನ್ನ ಕಡೆಗೆ ಅನುಮಾನದಿಂದ ತಿರುಗಿದರು.

ಪತ್ರಿಕೆ ಬಂತು. ಡಿಇಎಸ್ ಇತ್ತು, ಪ್ಲೇಫೇರ್ ಇತ್ತು. ಮ್ಲೇಚ್ಛಿತ ವಿಕಲ್ಪ ಬರೆಯಲು ಎಲ್ಲೂ ಸಂದು ಸಿಗಲಿಲ್ಲ. ಮೂರನೇ ಮಾಡ್ಯೂಲಿನಲ್ಲಿ ಆರ್‌ಎಸ್‌ಎ. ನೋಡಿದರೆ ಅವಿಭಾಜ್ಯಗಳು 11 ಮತ್ತು 13, ಸಂದೇಶ 9, ಘಾತ 7. ಪತ್ರಿಕೆ ತೆಗೆದವರು ಈ ಸಲ ಸ್ಟಾಲಿಂಗ್ಸ್‌ಗೆ ಕೈಕೊಟ್ಟಿದ್ದರು. ಕೊಠಡಿಯಲ್ಲಿ ನಿಟ್ಟುಸಿರೊಂದು ಮೊದಲ ಬೆಂಚಿನಿಂದ ಕೊನೆಯ ಬೆಂಚಿನ ತನಕ ಹೋಯಿತು. ನಾನು ಕುಟ್ಟಲು ಕೂತೆ. 9ರ ವರ್ಗ 81, ಅದರ ವರ್ಗ 6561, 143ರಿಂದ ಭಾಗಿಸಿದರೆ ಶೇಷ 126. ಕೊನೆಗೆ ಬಂದದ್ದು 48. ಬೀಗ ತೆಗೆಯುವ ಸಂಖ್ಯೆ 103. ಎರಡು ಸಲ ತಾಳೆ ನೋಡಿದೆ.

ಹೊರಗೆ ಬಂದಾಗ ವಾಟ್ಸ್ಆ್ಯಪ್ ಗುಂಪಿನ ನಾಯಕ ಓಡಿಬಂದು, "ಸಾರ್, ಆರ್‌ಎಸ್‌ಎ ಹನ್ನೊಂದು ತಾನೇ?" ಎಂದು ಕೇಳಿದ. ಅವನು ಪ್ರಶ್ನೆಯಲ್ಲಿದ್ದ ಸಂಖ್ಯೆಗಳನ್ನೇ ಇಟ್ಟು ಶುರುಮಾಡಿ, ನಡುವೆ ಎಲ್ಲೋ 88ರ ಹಳಿಗೆ ಹತ್ತಿ, ಸುಖವಾಗಿ 11ಕ್ಕೆ ಬಂದಿಳಿದಿದ್ದ. ಅವನೊಬ್ಬನೇ ಅಲ್ಲ, ಅಲ್ಲಿ ನಿಂತಿದ್ದವರಲ್ಲಿ ಹೆಚ್ಚಿನವರ ಉತ್ತರ ಹನ್ನೊಂದೇ. ಬಹುಮತ ನೋಡಿ ಒಂದು ಕ್ಷಣ ನನಗೇ ಅಳುಕಾಯಿತು.

ಮುಂದಿನ ಸೆಮಿಸ್ಟರಿನಲ್ಲಿ ಬರೆಯುವವರಿಗೆ ಒಂದು ಮಾತು. ಡಿಇಎಸ್ ಕೋಷ್ಟಕ ಉರು ಹೊಡೆಯಬೇಡಿ, ಲೆಕ್ಕಕ್ಕೆ ಬೇಕಾದರೆ ಪತ್ರಿಕೆಯಲ್ಲೇ ಕೊಟ್ಟಿರುತ್ತಾರೆ. ಚಿತ್ರವನ್ನು ಸ್ಕೇಲಿಟ್ಟು ಬರೆಯಿರಿ. ಶೇಷದ ಲೆಕ್ಕವನ್ನು ಮಾತ್ರ ಬೇರೆ ಬೇರೆ ಅವಿಭಾಜ್ಯಗಳನ್ನು ಇಟ್ಟುಕೊಂಡು ಕೈಯಲ್ಲೇ ಮಾಡಿ, 187 ಒಂದನ್ನೇ ನಂಬಿ ಹೋಗಬೇಡಿ. ಕ್ಯಾಲ್ಕುಲೇಟರಿನ ಬ್ಯಾಟರಿಯನ್ನು ಹಿಂದಿನ ದಿನವೇ ಬದಲಿಸಿಕೊಳ್ಳಿ.